ಸೇತುವೆಯಾಚೆಯ ಅರ್ಧ

ಇದೊಂದನ್ನು ಪೂರ್ತಿ ಕೇಳಿ, ಆಮೇಲೆ ಹೇಳಿ. ಹೊಳೆದಂಡೆಯ ಹಳೇ ರೈಲುದಾರಿಯಲ್ಲಿ ದಿನಾ ಯಾರಾದರೂ ನಡೆಯಲೇಬೇಕು. ಹೆಜ್ಜೆ ಬೀಳದ ಭಾಗವನ್ನು ಹೊತ್ತು ಮುಳುಗಿದೊಡನೆ ಕಾಡು ನುಂಗುತ್ತದೆ, ಮತ್ತೆ ಬಿಟ್ಟುಕೊಡುವುದಿಲ್ಲ. ಸೇತುವೆಯ ಈಚೆ ಅರ್ಧ ಬಸಲಿಂಗವ್ವನದು, ಆಚೆಯದು ಶೇವಂತಿಯದು. ಮಾತು ಬಿಟ್ಟು ಮೂರು ತಿಂಗಳಾದರೂ ಇಬ್ಬರೂ ಸಂಜೆ ಸೇತುವೆಯ ಕಂಬ ಮುಟ್ಟಿ, ಮುಖ ತಿರುಗಿಸಿ ಮರಳುತ್ತಿದ್ದರು.

ಇವತ್ತು ಶೇವಂತಿ ಬರಲೇ ಇಲ್ಲ. ಆಚೆ ಜಲ್ಲಿಕಲ್ಲುಗಳ ನಡುವೆ ಆಗಲೇ ಬಳ್ಳಿ ತಲೆಯೆತ್ತಿತ್ತು.

"ನಡಿ ಮನೀಗೆ. ಆಚಿ ಅರ್ಧ ನಮ್ದಲ್ಲ," ಎಂದ ಜೊತೆಗೆ ಬಂದಿದ್ದ ಗಂಡ ಪರಸಪ್ಪ. "ನಿನ್ನ ಚಾ ಎಮ್ಮೀನೂ ಕುಡಿಯೂದಿಲ್ಲ ಅಂದಾಕಿ ಅಕಿ."

"ಅಂದಿರ್ಲಿ. ಅಕಿ ಸೊಸೀಗೆ ದಿನ ತುಂಬ್ಯಾವ. ಬ್ಯಾನಿ ಸುರುವಾಗಿರ್ಬೇಕು, ಅದಕ್ಕ ಬಂದಿಲ್ಲ. ಈ ದಾರಿ ಮುಚ್ಚಿದ್ರ ಈಚಿ ದವಾಖಾನಿಗೆ ಹ್ಯಾಂಗ ತರ್ತಾರ?"

"ಅಕಿ ಮನೀತನಕ ಇನ್ನೂ ಮೂರು ಮೈಲಿ ಐತಿ. ನಡುವ ಹೊತ್ತು ಮುಳುಗಿದ್ರ ಕಾಡು ನಿನ್ನೂ ನುಂಗತೈತಿ."

"ಅದಕ್ಕ ಮಾತಾಡ್ಕೋತ ನಿಲ್ಲಾಕ ಆಗೂದಿಲ್ಲ. ನಾಳೆ ನಮ್ಮ ಅರ್ಧ ನೀವು ನಡೀರಿ."

ಬಸಲಿಂಗವ್ವ ಮರಗಳ ತುದಿಗಿಳಿದಿದ್ದ ಸೂರ್ಯನನ್ನೊಮ್ಮೆ ನೋಡಿ, ಸೆರಗನ್ನು ಸೊಂಟಕ್ಕೆ ಸಿಗಿಸಿ, ಕಂಬ ದಾಟಿದಳು. ಅವಳ ಪಾದ ಬಿದ್ದಲ್ಲೆಲ್ಲ ಬಳ್ಳಿ ಹಿಂದೆ ಸರಿಯಿತು. ಪರಸಪ್ಪ ಒಂದು ಕೈಯಲ್ಲಿ ಕಂಬ ಹಿಡಿದು ನಿಂತೇ ಇದ್ದ. ಅವನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?