ಕೆರೆದ ಲೇಬಲ್ಲು

ರೆಕಾರ್ಡ್ ಪ್ಲೇಯರ್ ಬಿಸಿಯಾದಾಗ ಏಳುವ ಧೂಳಿನ ವಾಸನೆ ಬಂದರೆ, ಈಗಲೂ ನನ್ನ ಕಣ್ಣು ಮೊದಲು ಹುಡುಕುವುದು ಯಾರದಾದರೂ ಬೆರಳುಗಳನ್ನು.

ಅಮೆರಿಕದ ಓಕ್ಲ್ಯಾಂಡಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿ ಜಮೈಕಾದ ವಯಸ್ಸಾದ ಹೆಂಗಸೊಬ್ಬರಿದ್ದರು. ಹರೆಯದಲ್ಲಿ ತಮ್ಮ ನಾಡಿನ ಮೊದಮೊದಲ ರೆಕಾರ್ಡುಗಳಿಗೆ ಪಿಯಾನೊ ನುಡಿಸಿದವರು. ಆ ಮಧ್ಯಾಹ್ನ ಹಳೆಯ ರೆಕಾರ್ಡು ಸಂಗ್ರಹಿಸುವವನೊಬ್ಬ ಬಂದಿದ್ದ. ಮಂಡ್ಯದಿಂದ ಬಂದಿದ್ದ ನನ್ನಜ್ಜಿಯೂ ನಾನೂ ಅವರ ಅಡುಗೆಮನೆಯ ಮೇಜಿನ ಬಳಿ ಕೂತಿದ್ದೆವು. ತಾವೇ ನುಡಿಸಿದ್ದೆಂದು ಆಕೆ ಹಾಕಿದ್ದ ರೆಕಾರ್ಡೊಂದು ಹಾಡುತ್ತಿತ್ತು.

"ಇದರಲ್ಲಿ ನುಡಿಸಿದ್ದು ಯಾರೋ ಗಂಡಸು ಅಂತಾರಲ್ಲ," ಎಂದ ಅವನು. "ಹೆಸರಿರೋ ಲೇಬಲ್ಲೂ ಕೆರೆದುಹೋಗಿದೆ. ನೀವೇ ಅಂತ ಹೇಗೆ ನಂಬಲಿ?"

"ಏನಂತವ್ನೆ ಮಗ?" ಇಂಗ್ಲಿಷ್ ಬಾರದ ಅಜ್ಜಿ ಕೇಳಿದಳು. ಹೇಳಿದೆ.

"ಅದ್ಯಾರು ಕೆರ್ದೋರು, ಕೇಳು."

ಕೇಳಿದೆ.

"ನಾನೇ, ಚಾಕುವಿನಲ್ಲಿ," ಎಂದರು ಆಕೆ. "ಬೀದಿಯಲ್ಲಿ ಸ್ಪೀಕರ್ ಇಟ್ಟು ಹಾಡು ಹಾಕಿ ಜನರನ್ನ ಕುಣಿಸೋರ ನಡುವೆ ಆಗ ಭಾರಿ ಪೈಪೋಟಿ. ಯಾವ ಹಾಡು ಅಂತ ಎದುರಾಳಿಗೆ ಗೊತ್ತಾಗಬಾರದಲ್ಲ."

ಅವನು ನಕ್ಕ. ಮೇಜಿನ ಹಾಸಿನ ಮೇಲೆ ಆಕೆಯ ಗಂಟುಗಟ್ಟಿದ ಬೆರಳುಗಳು ಹಾಡಿಗಿಂತ ಒಂದಿಷ್ಟು ಮುಂದೆಯೇ ಓಡುತ್ತಿದ್ದವು. ಸ್ವರ ಆಮೇಲೆ ಬರುತ್ತಿತ್ತು.

ಅಜ್ಜಿ ನನ್ನ ತೊಡೆ ಚಿವುಟಿದಳು. "ಆವಮ್ಮನ ಬೆರಳು ನೋಡು ಅನ್ನು ಅವ್ನಿಗೆ!"

ಹೇಳಿದೆ. ಅವನು ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ತಿರುಗುತ್ತಿದ್ದ ಕೆರೆದ ಲೇಬಲ್ಲನ್ನೇ ನೋಡಿದ.