ಎಡಗಡೆಯ ಪಂಪು

"ಸಹಿ ಹಾಕ್ತೀಯೋ, ಇಲ್ವೋ?"

ವಿಮಾನ ಕಂಪನಿಯ ಧಣಿ ದೋನ್ ಬೆಲಿಸಾರಿಯೋ ಬೆಳಗಿನಿಂದ ಇದನ್ನೇ ಕೇಳುತ್ತಿದ್ದರು. ಎಂಜಿನಿಯರ್ ಎದೆಲ್ಮಿರಾ ಬೆಳಗಿನಿಂದ ಇಲ್ಲ ಎನ್ನುತ್ತಿದ್ದಳು. ಒಂಬತ್ತು ಪ್ರಯಾಣಿಕರು ಕೂರುವ ವಿಮಾನದ ಎಡ ಎಂಜಿನ್ನಿಗೆ ಇಂಧನ ಕೊಡುವ ಪಂಪು ಸೋರುತ್ತಿತ್ತು. ಅದನ್ನು ಬದಲಾಯಿಸದೆ, ವಿಮಾನ ಹಾರಲು ಯೋಗ್ಯ ಎಂದು ತಾನು ಬರೆಯುವುದಿಲ್ಲ ಎಂಬುದು ಅವಳ ಹಟ. ಹೊಸ ಪಂಪು ಎಂದರೆ ದಂಡದ ಖರ್ಚು ಎಂಬುದು ಧಣಿಗಳ ಸಿದ್ಧಾಂತ.

ಹಾಗೆಂದು ಧಣಿಗಳು ಕೈಕಟ್ಟಿ ಕೂತಿದ್ದರು ಎನ್ನುವಂತಿಲ್ಲ. ಇಗರ್ಜಿಯಲ್ಲಿ ಮರಿಯಮ್ಮನ ಮುಂದೆ ದಪ್ಪನೆಯ ಮೇಣದಬತ್ತಿಯನ್ನೇ ಹಚ್ಚಿಸಿದ್ದರು. ಇಷ್ಟಾದ ಮೇಲೂ ಪಂಪು ಸೋರಿದರೆ ಅದು ಎದೆಲ್ಮಿರಾಳ ನಂಬಿಕೆಯ ಕೊರತೆಯೇ ಹೊರತು ಕಂಪನಿಯ ತಪ್ಪಲ್ಲ.

ನೌಕರರೆಲ್ಲ ತಮ್ಮ ಮನೆಮಕ್ಕಳು ಎಂದು ಅವರು ಯಾವಾಗಲೂ ಹೇಳುತ್ತಿದ್ದರು. ಸಹಿ ಹಾಕದ ಇಬ್ಬರು ಮನೆಮಕ್ಕಳನ್ನು ಹೋದ ವರ್ಷ ಬೆಣ್ಣೆಯಿಂದ ಕೂದಲು ತೆಗೆದಂತೆ ಹೊರಗೆ ಹಾಕಿದ್ದರು. ಒಬ್ಬ ಈಗ ಮಾಮೊರೆ ನದಿಯಲ್ಲಿ ದೋಣಿ ನಡೆಸುತ್ತಾನೆ. ಎದೆಲ್ಮಿರಾ ಮಾತ್ರ ಹೇಗೆ ಉಳಿದಳು ಎಂಬುದು ಇಡೀ ಹ್ಯಾಂಗರಿಗೆ ಒಗಟಾಗಿತ್ತು. ಅವಳಷ್ಟು ಬಾಯಿ ಮಾಡಿದವರು ಬೇರೆ ಯಾರೂ ಇರಲಿಲ್ಲ.

ಧಣಿಗಳು ತಮ್ಮ ಕಂಪನಿಯ ವಿಮಾನದಲ್ಲಿ ಎಂದೂ ಕೂತವರಲ್ಲ. ಕಾಸು ಕೊಟ್ಟ ಗಿರಾಕಿಯ ಜಾಗ ಕಿತ್ತುಕೊಳ್ಳಬಾರದೆಂಬ ಸಂಕೋಚ. ಅವರಿಗೆಂದೇ ಹಿಂದಿನ ಶೆಡ್ಡಿನಲ್ಲಿ ಬೇರೊಂದು ವಿಮಾನವಿತ್ತು. ಕಂಪನಿಯ ವಿಮಾನದ ತಮ್ಮನಂತಿತ್ತು. ಅದೇ ರೆಕ್ಕೆ, ಅದೇ ಎಂಜಿನ್ನುಗಳು, ಬಣ್ಣ ಮಾತ್ರ ಹೊಸದು. ಅಣ್ಣನಿಗೆ ಮೇಣದಬತ್ತಿ, ತಮ್ಮನಿಗೆ ಹೊರದೇಶದ ಬಿಡಿಭಾಗ. ಅದನ್ನು ಧಣಿಗಳೇ ನಡೆಸುತ್ತಿದ್ದರು, ಆದರೆ ಎದೆಲ್ಮಿರಾ ನೋಡಿ ಸಹಿ ಹಾಕದೆ ಅದು ಶೆಡ್ಡಿನ ಹೊಸ್ತಿಲು ದಾಟುತ್ತಿರಲಿಲ್ಲ.

ಮರುದಿನ ಮಗ್ದಲೇನಾ ಊರಿನಲ್ಲಿ ಧಣಿಗಳ ಒಬ್ಬಳೇ ಮಗಳ ಮದುವೆ. ಫೆಬ್ರವರಿಯ ಮಳೆಗೆ ಬೇನಿ ಬಯಲೆಲ್ಲ ಕೆರೆಯಾಗಿ ರಸ್ತೆಗಳು ಮುಳುಗಿದ್ದವು. ದೋಣಿಯಲ್ಲಿ ಹೊರಟವರು ತಲುಪುವಷ್ಟರಲ್ಲಿ ಮದುಮಗಳು ಗಂಡನ ಜೊತೆ ಮೊದಲ ಜಗಳವನ್ನೂ ಮುಗಿಸಿರುತ್ತಾಳೆ. ಹಾಗಾಗಿ ನೆಂಟರೆಲ್ಲ ಕಂಪನಿಯ ವಿಮಾನದಲ್ಲೇ ಹೋಗಬೇಕು. ಟಿಕೆಟ್ಟಿಗೆ ಪೂರ್ತಿ ದರ. ಮಗಳ ಮದುವೆಯೇ ಇರಬಹುದು, ವ್ಯಾಪಾರ ವ್ಯಾಪಾರವೇ.

ವಿಮಾನ ನಡೆಸುವವನು ನತಾನಿಯೆಲ್, ಎದೆಲ್ಮಿರಾಳ ಒಡಹುಟ್ಟಿದ ತಮ್ಮ. ಧಣಿಗಳು ಅವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟು, ಅವನ ಅಕ್ಕ ಸಹಿ ಹಾಕದಿದ್ದರೆ ನಾಳೆಯಿಂದ ಇಬ್ಬರೂ ದೋಣಿ ಹುಟ್ಟು ಹಾಕುವುದನ್ನು ಕಲಿಯಬೇಕಾಗುತ್ತದೆ ಎಂದರು. ನತಾನಿಯೆಲ್‌ಗೆ ಮೂರು ಮಕ್ಕಳು, ಚಿಕ್ಕದು ಇನ್ನೂ ತೊಟ್ಟಿಲಲ್ಲಿ. ಎದೆಲ್ಮಿರಾ ತಮ್ಮನತ್ತ ನೋಡಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟಳು.

"ಬೆಳಗ್ಗೆ ಸಹಿ ಇರ್ಬೇಕು," ಎಂದರು ಧಣಿ. "ಹೊಸ ಪಂಪಿಗೆ ಚಿಕ್ಕಾಸೂ ಕೊಡಲ್ಲ. ಹೇಗೆ ಸರಿಮಾಡ್ತೀಯೋ, ಎಲ್ಲಿಂದ ತರ್ತೀಯೋ, ನಾನು ಕೇಳಲ್ಲ." ಆಮೇಲೆ ಶೆಡ್ಡಿನ ಬೀಗದ ಕೈಯನ್ನು ಅವಳತ್ತ ಎಸೆದರು. "ಹಾಗೇ ನನ್ನದನ್ನೂ ನೋಡ್ಬಿಡಮ್ಮ. ಚೆನ್ನಾಗಿ ನೋಡು."

ಬೆಳಗಾಗುವಾಗ ಸಹಿ ಬಿದ್ದಿತ್ತು.

ಹ್ಯಾಂಗರಿನಲ್ಲಿ ಯಾರೂ ಅವಳ ಮುಖ ನೋಡಲಿಲ್ಲ. ಟಿಕೆಟ್ ಕೊಡುವ ಪೆತ್ರೋನಾ ಮಾತ್ರ, ತಮ್ಮನನ್ನೇ ಮಾರಿಕೊಂಡವಳು ಎಂದು ಕೇಳಿಸುವಂತೆಯೇ ಅಂದಳು. ಮೊಣಕೈವರೆಗೂ ಮಸಿಯಾಗಿದ್ದ ಎದೆಲ್ಮಿರಾ ಒಂದು ಡಬ್ಬದ ಮೇಲೆ ಕೂತು, ಬಾಳೆಕಾಯಿ ಜಜ್ಜಿ ಒಣಮಾಂಸ ಬೆರೆಸಿದ ಮಸಾಕೋ ತಿನ್ನುತ್ತಿದ್ದಳು. ಹಸಿದವಳಂತೆ ತಿನ್ನುತ್ತಿದ್ದಳು, ಅದೇ ಎಲ್ಲರಿಗೂ ಹೆಚ್ಚು ಅಸಹ್ಯವಾಯಿತು.

ಬಿಳಿ ಸೂಟು ತೊಟ್ಟು ಬಂದ ಧಣಿಗಳು ಅವಳ ಬೆನ್ನು ತಟ್ಟಿದರು. "ನೋಡ್ದ್ಯಾ? ಸಹಿ ಹಾಕಿದ್ರೆ ಕೈಯೇನು ಮುರಿದು ಬೀಳುತ್ತಾ?"

"ಇಲ್ಲ ಧಣಿ. ಎಲ್ಲ ನಿಮ್ಮ ಕೃಪೆ."

ಈ ವಿನಯ ಅವರಿಗೆ ಬಹಳ ಹಿಡಿಸಿತು. ಟೋಪಿ, ಗರಿ, ಕೇಕಿನ ಪೆಟ್ಟಿಗೆಗಳ ಸಮೇತ ಎಂಟು ಜನ ನೆಂಟರು ಹತ್ತುತ್ತಿದ್ದರು. ಮುದುಕಿಯೊಬ್ಬಳು ಮೆಟ್ಟಿಲ ಬಳಿ ಹಿಂಜರಿದಾಗ ಧಣಿಗಳೇ ಮುಂದೆ ಬಂದು ಕೈ ಹಿಡಿದು ಹತ್ತಿಸಿದರು.

"ಭಯ ಬೇಡ ಅತ್ತೆ, ನನ್ನ ಸ್ವಂತ ವಿಮಾನದಷ್ಟೇ ಭದ್ರ."

"ಅದಕ್ಕಿಂತ ಹೆಚ್ಚೇ," ಎಂದಳು ಎದೆಲ್ಮಿರಾ ಬಾಯಿ ಒರೆಸಿಕೊಳ್ಳುತ್ತ.

ನತಾನಿಯೆಲ್ ಕಿಟಕಿಯಿಂದ ತಲೆ ಹಾಕಿ, ಒಂದು ಸೀಟು ಖಾಲಿ ಇದೆ, ಧಣಿಗಳೂ ಬರಬಹುದಲ್ಲ ಎಂದು ಕರೆದ. ತಾನು ಇನ್ನು ಮರಳುವುದು ಮದುವೆ ಮುಗಿದ ಮೇಲೆ, ನಾಳೆಗೇ ಎಂದೂ ನೆನಪಿಸಿದ. ಧಣಿಗಳು ನಕ್ಕು ಬೇಡವೆಂದು ಕೈಯಾಡಿಸಿದರು. ಗಿರಾಕಿಯ ಜಾಗ, ಸಂಕೋಚ.

ವಿಮಾನ ಓಡಿತು. ಪೆತ್ರೋನಾ ಕಣ್ಣು ಮುಚ್ಚಿ ಜಪಮಾಲೆ ಹಿಡಿದಳು. ಎರಡೂ ಎಂಜಿನ್ನುಗಳು ಒಂದೇ ಶ್ರುತಿಯಲ್ಲಿ ಹಾಡಿ, ನೀರು ತುಂಬಿದ ಬಯಲಿನ ಮೇಲೆ ವಿಮಾನ ಚುಕ್ಕೆಯಾಯಿತು. ಎದೆಲ್ಮಿರಾಳ ಕಣ್ಣು ಒದ್ದೆಯಾಗಿತ್ತು. ತಪ್ಪಿತಸ್ಥೆ ಅಳುತ್ತಾಳೆ ಎಂದುಕೊಂಡರು ಜನ.

ಧಣಿಗಳು ಗಡಿಯಾರ ನೋಡಿಕೊಂಡು ಶೆಡ್ಡಿಗೆ ನಡೆದರು. ಮಗಳಿಗಾಗಿ ತಂದ ಹೂಗುಚ್ಛವನ್ನು ಜೋಪಾನವಾಗಿ ಪಕ್ಕದ ಸೀಟಿನ ಮೇಲಿಟ್ಟು, ಹತ್ತುವ ಮೊದಲು ಎಂದಿನಂತೆ ಕೈ ಚಾಚಿದರು.

"ಎಲ್ಲಿ ಕೊಡಮ್ಮ, ನನ್ನದರ ಸಹಿ?"

ಎದೆಲ್ಮಿರಾ ಆ ಅಂಗೈಯಲ್ಲಿ ಬೀಗದ ಕೈ ಇಟ್ಟಳು.

"ಇದರ ಎಡಗಡೆ ಪಂಪು ಈಗ ತಾನೆ ಮಗ್ದಲೇನಾಕ್ಕೆ ಹಾರಿಹೋಯ್ತು ಧಣಿ, ಆ ಸೋರೋದು ಇದರಲ್ಲಿದೆ. ಸಹಿ ಹಾಕ್ಲಾ?"