ಕಾಲು ತೆಗೆಯಲಿಲ್ಲ

ಅಂಗಳದಲ್ಲಿ ನಿಂತಿದ್ದ ಕೆಂಪು ಕಾರಿನ ಹಿಂದಿನ ಸೀಟನ್ನು ಪದ್ಮಲತಾ ಒಬ್ಬಳೇ ಹೊರಗೆಳೆದು ಬೇವಿನ ಮರಕ್ಕೆ ಒರಗಿಸಿದಳು. ಗಂಡ ಗಂಗರಾಜು ಹತ್ತಿರ ಬಂದ.

"ನಾನೂ ಒಂದ್ ಕಡೆ ಹಿಡ್ಕಳ್ಳಾ?"

"ಬ್ಯಾಡ."

ಸೀಟಿನ ಕೆಳಗೆ ಪೆಟ್ರೋಲ್ ಟ್ಯಾಂಕು. ಅದರೊಳಗಿನ ಪಂಪನ್ನು ತೆಗೆದು, ಹೆಚ್ಚು ಪೆಟ್ರೋಲ್ ತಳ್ಳುವ ದೊಡ್ಡ ಪಂಪು ಕೂರಿಸಬೇಕಿತ್ತು. ಹಿಂದೂಪುರದ ಯಾವುದಾದರೂ ಗ್ಯಾರೇಜಿಗೆ ಕೊಡೋಣ ಎಂದು ಗಂಗರಾಜು ಹೇಳಿ ನೋಡಿದ್ದ. "ನಾನು ಓಡ್ಸೋ ಗಾಡಿ. ಒಳಗೇನೈತೆ ಅಂತ ನನಗೇ ಗೊತ್ತಿರ್ಬೇಕು" ಎಂದು ಅವಳು ಕೂತುಬಿಟ್ಟಿದ್ದಳು.

ಮಣ್ಣಿನ ಟ್ರ್ಯಾಕಿನ ರೇಸುಗಳಲ್ಲಿ ಮೊದಲು ಈ ಕಾರನ್ನು ಓಡಿಸುತ್ತಿದ್ದವನು ಗಂಗರಾಜು. ಬೈಕಿನಿಂದ ಬಿದ್ದು ಎಡಗೈಯ ನರ ಹೋದ ಮೇಲೆ ಗೇರ್ ಹಾಕಲಾಗದೆ ಹೆಂಡತಿಗೆ ಕಲಿಸಿದ. ಹೋದ ತಿಂಗಳು ಕಲ್ಯಾಣದುರ್ಗದಲ್ಲಿ ಅವಳ ಮೊದಲ ರೇಸು. ನೇರ ದಾರಿಗೆ ಬಂದು ಆಕ್ಸಿಲರೇಟರ್ ಪೂರ್ತಿ ತುಳಿದಾಗಲೇ ಇಂಜಿನ್ ಮುಗ್ಗರಿಸಿತು. ಇಳಿದು ಬಂದವಳನ್ನು ಅವನು ಎಲ್ಲರ ಮುಂದೆ ಕೇಳಿದ: "ಹೆದ್ರಿ ಕಾಲ್ ತೆಗೆದ್ಬುಟ್ಯಾ?" ಸುತ್ತ ನಿಂತವರು ನಕ್ಕರು. "ತೆಗೀಲಿಲ್ಲ" ಎಂದಳು ಪದ್ಮಲತಾ. ಯಾರೂ ನಂಬಲಿಲ್ಲ, ಅವನೂ.

ಮನೆಗೆ ಬಂದವಳು ಪೆಟ್ರೋಲ್ ಪೈಪಿಗೆ ಪ್ರೆಷರ್ ಮೀಟರ್ ಸೇರಿಸಿ, ಅದನ್ನು ಮುಂದಿನ ಗಾಜಿನ ಮೇಲೆ ಹೊರಗಡೆಯಿಂದ ಟೇಪಿನಲ್ಲಿ ಅಂಟಿಸಿ, ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರಿಗಿ ರಸ್ತೆಯಲ್ಲಿ ಓಡಿಸಿದಳು. ಅವಳ ಕಾಲು ತಳ ಮುಟ್ಟಿತ್ತು. ಮೀಟರಿನ ಮುಳ್ಳು ಮಾತ್ರ ಕೆಳಗಿಳಿಯುತ್ತಿತ್ತು. ಇಂಜಿನ್ ಕೇಳಿದಷ್ಟು ಪೆಟ್ರೋಲನ್ನು ಹಳೇ ಪಂಪು ಕೊಡಲಾರದಾಗಿತ್ತು. ಗಂಗರಾಜು ಮುಳ್ಳನ್ನು ನೋಡಿದ, ಅವಳ ಕಾಲನ್ನು ನೋಡಿದ. ಮಾರನೆಯ ದಿನ ಹೊಸ ಪಂಪು ತರಿಸಲು ಹೇಳಿದ. ಹೆಂಡತಿಗೆ ಹೇಳಬೇಕಾದದ್ದನ್ನು ಹೇಳಲಿಲ್ಲ.

ಈಗ ಅವಳು ಪಂಪಿನ ಫ್ಯೂಸ್ ಕಿತ್ತು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಪೈಪಿನ ಒತ್ತಡ ಇಳಿಸಿದಳು. ಬ್ಯಾಟರಿಯ ವೈರು ಬಿಚ್ಚಿ, ಟ್ಯಾಂಕಿನ ಮುಚ್ಚಳ ತೆರೆದಳು. ವಾಸನೆ ನಡುಮನೆಗೂ ಹೋಯಿತು. ಅತ್ತೆ ಶಿವಲಕ್ಷ್ಮಮ್ಮ ಮೂಗಿಗೆ ಸೆರಗು ಹಿಡಿದು ಹೊರಬಂದರು.

"ಒಲೆ ಹಚ್ಚಬೋದೇನಮ್ಮಾ?"

"ಈಗ್ಲೇ ಬ್ಯಾಡ ಅತ್ತೆ. ದೇವರ ದೀಪಾನೂ ಬ್ಯಾಡ."

"ದೇವರಿಗೂ ನೀನೇ ಹೇಳ್ಬುಡು" ಎನ್ನುತ್ತ ಅವರು ಒಳಗೆ ಹೋಗಿ ಸಿಲಿಂಡರ್ ಬಂದ್ ಮಾಡಿದರು.

ಹಳೇ ಪಂಪು ಹೊರಬಂತು, ಹೊಸದು ಒಳಗೆ ಕೂತಿತು. ಮುಚ್ಚಳ ಮಾತ್ರ ನಿಲ್ಲಲೊಲ್ಲದು. ಕೆಳಗಿನ ಸ್ಪ್ರಿಂಗು ಅದನ್ನು ಮೇಲಕ್ಕೆ ಒದೆಯುತ್ತಿತ್ತು. ಒಂದು ಕೈಯಲ್ಲಿ ಒತ್ತಿ ಇನ್ನೊಂದರಲ್ಲಿ ಅದನ್ನು ಬಿಗಿಯುವ ರಿಂಗ್ ತಿರುಗಿಸಹೋದರೆ ಅಡ್ಡಡ್ಡ ಸರಿಯುತ್ತಿತ್ತು. ಮತ್ತೆ ಪ್ರಯತ್ನಿಸಿದಾಗ ಬೆರಳ ಗೆಣ್ಣು ತರಚಿ ರಕ್ತ ಬಂತು. ಅವಳು ಅದನ್ನು ಸೀರೆಯ ಅಂಚಿಗೆ ಒರೆಸಿಕೊಂಡು ತಲೆಯೆತ್ತಿದಳು.

"ಬನ್ನಿ. ಒತ್ತಿ ಹಿಡ್ಕಳಿ."

ಗಂಗರಾಜು ಮೊಣಕಾಲೂರಿ ಬಲಗೈ ಇಟ್ಟು ಮೈಭಾರವನ್ನೆಲ್ಲ ಬಿಟ್ಟ. ಇಬ್ಬರ ತಲೆಗಳೂ ತಾಗುವಷ್ಟು ಹತ್ತಿರ.

"ತಪ್ಪಾಯ್ತು ಪದ್ಮಾ" ಎಂದ ಮೆಲ್ಲಗೆ. "ಅವತ್ತು ಹಂಗ್ ಕೇಳ್ಬಾರ್ದಿತ್ತು."

"ಕೇಳಿದ್ದು ಎಲ್ರ ಮುಂದೆ. ಇಲ್ಲಿ ಟ್ಯಾಂಕಿಗೆ ಹೇಳಿದ್ರೆ ಆಯ್ತದಾ?" ಅವಳು ರಿಂಗ್ ತಿರುಗಿಸುತ್ತಲೇ ಇದ್ದಳು. "ಇನ್ನೂ ಒತ್ತಿ."

ರಿಂಗ್ ಹಿಡಿಯಿತು. ಫ್ಯೂಸ್ ಹಾಕಿ, ವೈರು ಸೇರಿಸಿ ಕೀ ತಿರುಗಿಸಿದಾಗ ಹೊಸ ಪಂಪು ಗುಂಯ್‌ಗುಟ್ಟಿತು. ಪೈಪಿನ ಜೋಡಣೆಯಲ್ಲಿ ಒಂದು ಹನಿ ಮೂಡಿತು.

"ಇಷ್ಟೇ ತಾನೆ? ಒಸಿ ಬಿಗಿ ಮಾಡಿದ್ರೆ ನಿಲ್ತದೆ" ಎಂದ ಗಂಗರಾಜು.

"ಒಂದು ತೊಟ್ಟೂ ಬ್ಯಾಡ."

ಎಲ್ಲ ಆಫ್ ಮಾಡಿ, ಮತ್ತೆ ಒತ್ತಡ ಇಳಿಸಿ, ಪೈಪನ್ನೇ ಬದಲಾಯಿಸಿ ಹೊಸ ಕ್ಲಿಪ್ ಹಾಕಿದಳು. ಕೀ ತಿರುಗಿಸಿ, ಒಣಬಟ್ಟೆಯಲ್ಲಿ ಒರೆಸಿ ಒರೆಸಿ ನೋಡಿದಳು. ಬಟ್ಟೆ ಒಣಗಿಯೇ ಇತ್ತು. ಆ ದಿನ ಮನೆಯಲ್ಲಿ ಊಟವಾದಾಗ ಸಂಜೆಯಾಗಿತ್ತು.

ಭಾನುವಾರ ಕಲ್ಯಾಣದುರ್ಗ. ಬ್ರಹ್ಮಸಮುದ್ರದ ದಾರಿಯ ಬೀಳು ಹೊಲದಲ್ಲಿ ಟ್ರ್ಯಾಕು. ಪದ್ಮಲತಾ ತಿರುವು ದಾಟಿ ನೇರ ದಾರಿಗೆ ಬಂದು ಪೂರ್ತಿ ತುಳಿದಳು. ಇಂಜಿನ್ ಒಂದೇ ದನಿಯಲ್ಲಿ ಕೊನೆಯವರೆಗೂ ಎಳೆಯಿತು. ನಾಲ್ಕನೆಯವಳಾಗಿ ಬಂದಳು.

ರೇಸು ನಡೆಸುವ ಚೌಡಣ್ಣ ನಗುತ್ತ ಕೂಗಿದ: "ಏಮಯ್ಯಾ ಗಂಗರಾಜೂ, ಗಾಡಿಗೆ ಪಂಪ್ ಹಾಕಿದ್ಯೋ, ಮೇಡಮ್ಮಿಗೆ ಧೈರ್ಯ ಹಾಕಿದ್ಯೋ?"

"ಧೈರ್ಯ ಮೊದ್ಲಿಂದ್ಲೂ ಐತೆ ಕಣಣ್ಣ." ಗಂಗರಾಜುವಿನ ದನಿ ಆ ಗುಂಪಿನ ಕೊನೆಯವರೆಗೂ ಕೇಳಿಸುವಂತಿತ್ತು. "ಹೋದ್ಸಲಾನೂ ಇವಳು ಕಾಲ್ ತೆಗ್ದಿರ್ಲಿಲ್ಲ. ಗಾಡೀಲಿದ್ದ ಐಬಿಗೆ ನಾನು ಇವಳನ್ನ ಅಂದ್ಬುಟ್ಟೆ. ಪಂಪ್ ಹಾಕ್ದೋಳೂ ಇವಳೇ."

ಯಾರೂ ನಗಲಿಲ್ಲ. ಪದ್ಮಲತಾ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತ ಅವನ ಕಡೆ ನೋಡಿ, ಮತ್ತೆ ಬಿಚ್ಚುವುದರಲ್ಲಿ ತೊಡಗಿದಳು.

ಜನ ಚದುರಿದ ಮೇಲೆ ಅವಳು ಚೌಡಣ್ಣನನ್ನು ಏನೋ ಕೇಳಿಕೊಂಡು ಬಂದು, ಕಾರನ್ನು ಖಾಲಿ ಟ್ರ್ಯಾಕಿಗೆ ತಂದು ನಿಲ್ಲಿಸಿದಳು. ಇಳಿದು, ಸುತ್ತಿ ಬಂದು ಎಡಗಡೆಯ ಸೀಟಿನಲ್ಲಿ ಕೂತಳು.

"ಹತ್ಕಳಿ."

"ನಾನಾ? ಗೇರ್ ಯಾರ್ ಹಾಕ್ತಾರೆ?"

ಅವಳು ಬಲಗೈಯನ್ನು ಗೇರಿನ ಮೇಲಿಟ್ಟಳು. "ಕ್ಲಚ್ ನಿಮ್ದು. ಇದು ನಂದು."

ಗಂಗರಾಜು ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು ಹೊರಟ. "ಎರಡು" ಎಂದ. ಕಾರು ಜಗ್ಗಿತು. "ಮೂರು" ಎಂದ. ಮತ್ತೆ ಜಗ್ಗಿತು. ಹೀಗೇ ಒಂದು ಸುತ್ತು ಮುಗಿಸಿದರು. ಎರಡನೆಯ ಸುತ್ತಿನಲ್ಲಿ ತಿರುವು ದಾಟಿ ಅವನು ಕ್ಲಚ್ ಒತ್ತಿ, "ಮೂರು" ಎನ್ನಲು ಬಾಯಿ ತೆರೆದ.

ಅಷ್ಟರಲ್ಲಿ ಗೇರ್ ಬಿದ್ದಾಗಿತ್ತು.